ಬಿಟ್ಟುಹೋದ ಕೊನೆಯ ಪ್ಯಾರಾ

ನಮ್ಮ ಸಂಪಾದಕರ ಎಡಹುಬ್ಬು ಪೂರಾ ಬೆಳ್ಳಗಾಗಿತ್ತು, ಬಲಹುಬ್ಬು ಮಾತ್ರ ಕಾಡಿಗೆ ತೀಡಿದಷ್ಟು ಕಪ್ಪು. ಸಿಟ್ಟು ಬಂದರೆ ಬಿಳಿಯದು ಮೇಲೇರುತ್ತಿತ್ತು, ಕರಿಯದು ಇದ್ದಲ್ಲೇ ಇರುತ್ತಿತ್ತು. 'ಇವರ ಹುಬ್ಬೂ ಎರಡು ಪಾರ್ಟಿ ಮಾಡ್ಯಾವ ನೋಡ್ರಿ' ಎಂದು ಸೇಡಂ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ನಗುತ್ತಿದ್ದರು. ಅವರೂ ಜೊತೆಗೂಡಿ ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ. ಅಲ್ಲಿ ನಕ್ಕವರೇ ಮಧ್ಯಾಹ್ನ ಫೋನ್ ಮಾಡಿ 'ನೀವು ಆ ಕಡೆಯವರಿಗೆ ಮಾರ್ಕೊಂಡೀರಿ' ಎನ್ನುತ್ತಿದ್ದರು. ಆ ಫೋನ್ ಎತ್ತುವವಳು ನಾನು.

ಸ್ಟೇಷನ್ ರಸ್ತೆಯ ಸಿಮೆಂಟ್ ಅಂಗಡಿಯೊಂದರ ಮೇಲಿನ ಎರಡು ಕೋಣೆಗಳಲ್ಲಿ ಅವರ ನಾಲ್ಕು ಪುಟದ ದಿನಪತ್ರಿಕೆ ನಡೆಯುತ್ತಿತ್ತು. ರಾಜಕೀಯವೇ ಅದರ ಜೀವಾಳ. ನಾನು ಚಿತ್ತಾಪುರದಿಂದ ಪ್ಯಾಸೆಂಜರ್ ಗಾಡಿಯಲ್ಲಿ ಬಂದು, ಕಂಪ್ಯೂಟರಿನಲ್ಲಿ ಸುದ್ದಿ ಜೋಡಿಸಿ ಪುಟ ಕಟ್ಟುತ್ತಿದ್ದೆ. ಸಂಜೆ ಆರಕ್ಕೆ ಪುಟಗಳು ಕಲಬುರಗಿಯ ಪ್ರೆಸ್ಸಿಗೆ ಹೋಗಬೇಕು. ಐದೂವರೆಗೆ ಯಾರಾದರೂ ಫೋನಿನಲ್ಲಿ ಬೈಯಲು ಶುರು ಮಾಡಿದರೆ ಮುಗಿಯಿತು. ಸಂಪಾದಕರು ಕುರ್ಚಿ ಎಳೆದುಕೊಂಡು, 'ಪೂರಾ ಓದೀರೇನ್ರಿ? ಓದಿಲ್ಲಾ? ಹಂಗಾದ್ರ ನಾ ಓದ್ತೀನಿ, ಕೇಳ್ರಿ' ಎಂದು ಇಡೀ ಸುದ್ದಿಯನ್ನು ಮೊದಲಿನಿಂದ ಓದುತ್ತಿದ್ದರು. ಬೈಯುವವರಲ್ಲಿ ಬಹುತೇಕರು ಯಾರೋ ಕಳಿಸಿದ ತಲೆಬರಹದ ಫೋಟೋ ಒಂದನ್ನೇ ನೋಡಿದವರು. ಅರ್ಧಕ್ಕೇ ಫೋನ್ ಇಟ್ಟುಬಿಡುತ್ತಿದ್ದರು. 'ಲೈನ್ ಕಟ್ ಆಗ್ಯಾದ ಕಾಣ್ತದ' ಎಂದು ಇವರೇ ತಿರುಗಿ ಮಾಡುತ್ತಿದ್ದರು. ನಾನು ಪುಟ ತೆರೆದಿಟ್ಟುಕೊಂಡು ಹಲ್ಲು ಕಚ್ಚಿ ಕೂತಿರುತ್ತಿದ್ದೆ.

ಒಮ್ಮೆ ಸಾಕಾಗಿ ಹೇಳಿದೆ: 'ಸರ್, ಎರಡೂ ಕಡೆಯವ್ರಿಗೆ ಸಮಸಮ ಹಾಕಿಬಿಡೋಣ್ರಿ. ಯಾರ ಬಾಯೂ ಇರಂಗಿಲ್ಲ.'

'ಸಮ ಹಾಕೋದು ಭಾಳ ಸುಲಭ ಅದವ್ವಾ. ಒಬ್ಬ ಹತ್ತು ಸುಳ್ಳು ಹೇಳ್ಯಾನ, ಇನ್ನೊಬ್ಬ ಎರಡು ಹೇಳ್ಯಾನ. ಇಬ್ಬರಿಗೂ ಆರಾರು ಅಂತ ಬರೀಲೇನು?'

ನಿಜ ಎಷ್ಟೆಂದು ಎಣಿಸಲು ಅವರು ಎಲ್ಲಿಗೂ ಹೋಗುತ್ತಿದ್ದರು. ಕುಂಚಾವರಂ ಆಚೆಯ ತಾಂಡಾವೊಂದರ ಶಾಲೆಯಲ್ಲಿ ಮಾಸ್ತರರು ಒಬ್ಬರೋ ಇಬ್ಬರೋ ಎಂಬ ಒಂದೇ ಸಾಲಿಗಾಗಿ ನನ್ನನ್ನೂ ಎಳೆದುಕೊಂಡು ಬಸ್ಸಿನ ಮೇಲೆ ಬಸ್ಸು ಹತ್ತಿ ಹೋಗಿದ್ದರು. ಇಬ್ಬರಿದ್ದರು. ಇವರು ಬರೆದಿದ್ದೂ ಇಬ್ಬರೆಂದೇ. ಬಿಸಿಲಲ್ಲಿ ವಾಪಸ್ ಬಸ್ಸಿಗೆ ಕಾಯುತ್ತ ನಾನು ಸಿಡುಕುತ್ತಿದ್ದೆ. ಅವರು ಪೇರಲಹಣ್ಣು ಕಚ್ಚುತ್ತ ಖುಷಿಯಾಗಿದ್ದರು.

ನನ್ನ ಅಣ್ಣ ಒಂದು ಪಕ್ಷದ ಕಾರ್ಯಕರ್ತ. 'ನಿಮ್ಮ ಸಂಪಾದಕ ಆ ಕಡೆಯವ' ಎನ್ನದೆ ಅವನು ರೊಟ್ಟಿ ಮುರಿಯುತ್ತಿರಲಿಲ್ಲ. ಆ ಕಡೆಯವರು ಇವರನ್ನು ಈ ಕಡೆಯವರೆಂದು ಬೈಯುತ್ತಾರೆ ಎಂದರೆ, 'ಅದೆಲ್ಲ ನಾಟಕ' ಎನ್ನುತ್ತಿದ್ದ. ದಿನಾ ಕೇಳಿ ಕೇಳಿ ನನಗೂ ಅನುಮಾನ ಅಂಟಿತು.

ಒಂದು ಚುನಾವಣೆಯ ಹೊತ್ತು. ಚಿಂಚೋಳಿ ಕಡೆಯ ಹಳ್ಳಿಯೊಂದರಲ್ಲಿ ಕಟ್ಟಿಸಿದ ನೀರಿನ ಟಾಕಿಗೆ ಒಮ್ಮೆಯೂ ನೀರು ಏರಿರಲಿಲ್ಲ. ಅಣ್ಣನ ಎದುರು ಪಕ್ಷದವರ ಕಾಲದಲ್ಲಿ ಕಟ್ಟಿದ್ದು, ಕಟ್ಟಿದ ವರ್ಷವೇ ಬಿರುಕು ಬಿಟ್ಟಿತ್ತು. ಆಮೇಲೆ ಬಂದ ಅಣ್ಣನ ಪಕ್ಷದವರು ಬಿರುಕು ಮುಚ್ಚಿ, ಬಣ್ಣ ಹೊಡೆಸಿ, ಉದ್ಘಾಟನೆ ಮಾಡಿದ್ದರು, ಪೈಪು ಹಾಕಿರಲಿಲ್ಲ. ಸಂಪಾದಕರು ಹೋಗಿ ನೋಡಿಬಂದು ಎರಡನ್ನೂ ಬರೆದರು. ಪೈಪಿನ ಮಾತು ಕೊನೆಯ ಪ್ಯಾರಾದಲ್ಲಿತ್ತು. ಸುದ್ದಿಯ ವಾಸನೆ ಹತ್ತಿದ ಅಣ್ಣ ಅವತ್ತು ಪೈಪಿನ ಮಾತು ಬೇಡವೆಂದು ಮೂರು ಸಲ ಫೋನ್ ಮಾಡಿದ. ಮೂರನೆಯ ಸಲ, 'ನೀ ನಮ್ಮ ಮನಿ ಮಗಳು ಹೌದೋ ಅಲ್ಲೋ?' ಎಂದ. ಅಷ್ಟರಲ್ಲಿ ಜಾಹೀರಾತೊಂದು ತಡವಾಗಿ ಬಂದು ಜಾಗ ಕಡಿಮೆ ಬಿತ್ತು. ನಾನು ಕೊನೆಯ ಪ್ಯಾರಾ ತೆಗೆದು ಪುಟ ಕಳಿಸಿಬಿಟ್ಟೆ. ಸಂಪಾದಕರು ಆಗ ಫೋನಿನಲ್ಲಿ ಯಾರಿಗೋ ಹಿಂದಿನ ದಿನದ ಸುದ್ದಿ ಓದಿ ಹೇಳುತ್ತಿದ್ದರು.

ಮರುದಿನ ಎದುರು ಪಕ್ಷದ ನಾಲ್ಕು ಜನ ಮೆಟ್ಟಿಲು ಹತ್ತಿ ಬಂದರು. ಅವರ ಜೊತೆ ಶಹಾಬಾದಿನ ನಿವೃತ್ತ ಹೆಡ್‌ಮಾಸ್ತರರೊಬ್ಬರಿದ್ದರು. ಮೊದಲ ಸಂಚಿಕೆಯಿಂದ ಚಂದಾದಾರರು, ಯಾವತ್ತೂ ದೂರಿದವರಲ್ಲ. ಅವರೇ ಮಾತು ತೆಗೆದರು:

'ಸಾಹೇಬ್ರ, ಇವರ ತಪ್ಪು ಬರ್ದೀರಿ, ಛಲೋ ಆತು. ಪೈಪಿನ ಮಾತು ಎಲ್ಲಿ ಹೋತು? ನೀವೇ ಆ ಊರಿಗೆ ಹೋಗಿ ನೋಡಿ ಬಂದೀರಿ.'

ಅಷ್ಟು ವರ್ಷಗಳಲ್ಲಿ, ಪತ್ರಿಕೆ ಒಂದು ಕಡೆಗೆ ವಾಲಿದೆ ಎಂಬ ದೂರು ನಿಜವಾಗಿದ್ದು ಅದೊಂದೇ ದಿನ.

ಸಂಪಾದಕರು ಪತ್ರಿಕೆ ಬಿಡಿಸಿ ಓದಿದರು. ಬಿಳಿ ಹುಬ್ಬು ಮೇಲೇರಿತು. ನನ್ನತ್ತ ನೋಡಿದರು, ನಾನು ಕೀಬೋರ್ಡ್ ನೋಡಿದೆ.

'ಹೌದ್ರಿ ಮಾಸ್ತರ್ರ. ತಪ್ಪಾಗ್ಯಾದ. ನನ್ನಿಂದ ಆಗ್ಯಾದ,' ಎಂದರು.

ಅವರೆಲ್ಲ ಇಳಿದುಹೋದ ಮೇಲೆ ಕೇಳಿದರು: 'ಯಾಕ ತೆಗದಿ?'

'ಜಾಗ ಇರಲಿಲ್ರಿ ಸರ್.'

'ಜಾಗ ಇಲ್ಲಂದ್ರ ನನ್ನ ಸಂಪಾದಕೀಯ ತೆಗೀಬೇಕಿತ್ತವ್ವಾ. ಅದನ್ನ ಯಾರೂ ಓದಂಗಿಲ್ಲ.'

ನನಗೆ ಅಳು ಬಂತು. ಅಣ್ಣನ ಫೋನಿನ ವಿಷಯ ಹೇಳಿದೆ. ತಿದ್ದುಪಡಿಯಲ್ಲಿ ನನ್ನ ಹೆಸರು ಹಾಕಿರೆಂದೆ. 'ಪತ್ರಿಕಾ ನಿಂದಲ್ಲ, ನಂದು' ಎಂದು ತಾವೇ ಬರೆಯಲು ಕೂತರು. ಮರುದಿನ ಆ ಪ್ಯಾರಾ ಮೊದಲ ಪುಟದಲ್ಲಿ ಬಂತು, ಕೆಳಗೆ 'ಈ ತಪ್ಪಿಗೆ ಸಂಪಾದಕನೇ ಹೊಣೆ' ಎಂದು ಅವರ ಸಹಿ. ಅದರ ಫೋಟೋ ಸೇಡಂನಿಂದ ವಾಡಿಯವರೆಗೆ ಫೋನುಗಳಲ್ಲೆಲ್ಲ ಓಡಾಡಿತು: 'ಸಂಪಾದಕನೇ ಒಪ್ಪಿಕೊಂಡ.' ಏನನ್ನು ಒಪ್ಪಿಕೊಂಡರೆಂದು ಓದುವ ಪುರುಸೊತ್ತು ಯಾರಿಗೂ ಇರಲಿಲ್ಲ. ಹೆಡ್‌ಮಾಸ್ತರರು ಸಂಪಾದಕರೇ ಬೇಕೆಂದು ಬಿಟ್ಟರೆಂದು ನಂಬಿ ಪತ್ರಿಕೆ ತರಿಸುವುದನ್ನೇ ನಿಲ್ಲಿಸಿದರು. ಅಣ್ಣನ ಪಕ್ಷದವರು, ಒಳಪುಟದ ಮಾತು ಬೇಕಂತಲೇ ಮೊದಲ ಪುಟಕ್ಕೆ ಬಂದಿದೆ, ಇದು ಸಂಚು ಎಂದರು. ಆಮೇಲೆ ಇವರು ಏನೇ ಬರೆಯಲಿ, ಆ ಫೋಟೋ ತೆಗೆದು ತೋರಿಸುವುದು ರೂಢಿಯಾಯಿತು.

ನನಗೆ ತಡೆಯಲಾಗದಿದ್ದುದು ಇನ್ನೊಂದು. ಅವರು ಬೈಯಲಿಲ್ಲ. ಮಾರನೆಯ ಸಂಜೆಯೂ ಪುಟ ನನ್ನ ಕೈಗೇ ಬಿಟ್ಟು, ಒಮ್ಮೆಯೂ ಇಣುಕಿ ನೋಡದೆ, ಫೋನಿನಲ್ಲಿ 'ಪೂರಾ ಓದೀರೇನ್ರಿ?' ಎಂದು ಶುರು ಮಾಡಿದ್ದರು. ಎರಡು ಮಾತು ಬೈದಿದ್ದರೆ ನಾನು ಹಗುರಾಗುತ್ತಿದ್ದೆ.

ಕಳೆದ ಮಳೆಗಾಲದಲ್ಲಿ ಹೃದಯಾಘಾತವಾಗಿ ಅವರು ತೀರಿಕೊಂಡರು. ಸೇಡಂನಲ್ಲಿ ಸಂತಾಪ ಸಭೆ. ಎರಡೂ ಪಕ್ಷದ ಮುಖಂಡರು ಒಂದೇ ವೇದಿಕೆಯಲ್ಲಿ ಕೂತು, ಇಂಥ ನಿಷ್ಪಕ್ಷಪಾತಿ ಇನ್ನು ಹುಟ್ಟುವುದಿಲ್ಲ ಎಂದರು. ನನ್ನ ಹಿಂದಿನ ಸಾಲಿನಲ್ಲಿ ಯಾರೋ ಪಿಸುಗುಟ್ಟಿದರು: 'ಮನುಷ್ಯಾ ಛಲೋ ಇದ್ದ. ಆ ಟಾಕಿ ಸುದ್ದಿಯೊಳಗ ಮಾತ್ರ ರೊಕ್ಕ ತಿಂದಿದ್ದ.'

ನಾನು ಎದ್ದೆ. ಯಾರೂ ನನ್ನನ್ನು ಮಾತಿಗೆ ಕರೆದಿರಲಿಲ್ಲ. ಮೈಕಿನ ಮುಂದೆ ನಿಂತು, ಆ ಪ್ಯಾರಾ ತೆಗೆದವಳು ನಾನು, ನಮ್ಮ ಮನೆಯವರ ಮಾತು ಕೇಳಿ ತೆಗೆದೆ, ಅವರು ತಮ್ಮ ತಲೆಯ ಮೇಲೆ ಹಾಕಿಕೊಂಡರು ಎಂದು ಹೇಳಿದೆ. ಮುಂದಿನ ಸಾಲಿನಲ್ಲಿ ಕೂತಿದ್ದ ಹೆಡ್‌ಮಾಸ್ತರರು ಕನ್ನಡಕ ತೆಗೆದು ಮುಖ ಒರೆಸಿಕೊಂಡರು.

ಸಭೆಗೆ ಬಂದಿದ್ದ ಅಣ್ಣ ವಾಪಸ್ ಗಾಡಿಯಲ್ಲಿ ನನ್ನ ಎದುರಿಗೆ ಕೂತಿದ್ದ. ಮೂರು ಸಲ ಫೋನ್ ಮಾಡಿದ್ದ ಅಣ್ಣ. ಗಾಡಿ ಬಿಟ್ಟ ಮೇಲೆ ನನ್ನತ್ತ ಬಾಗಿ, ಪಕ್ಕದವರಿಗೆ ಕೇಳದ ಹಾಗೆ ಕೇಳಿದ:

'ಖರೇ ಹೇಳು ತಂಗಿ. ಹಂಗ ಮಾತಾಡು ಅಂತ ನಿನಗ ಯಾವ ಪಾರ್ಟಿಯವ್ರು ಹೇಳಿಕೊಟ್ಟಿದ್ರು?'