ಏಳನೇ ತಿಂಗಳಲ್ಲೇ ಉಳಿದವಳ ಖಣ

ಇಳಕಲ್ಲಿನ ನೇಕಾರರ ಓಣಿಯಲ್ಲಿ ಮಹಾನಂದಾ ಎಂದರೆ ಕೈಯೂ ಬಾಯಿಯೂ ಒಟ್ಟಿಗೆ ಓಡುವ ಹೆಂಗಸು. ಆಕೆಯದು ಕೊಂಡಿ ಹಾಕುವ ಕೆಲಸ. ಸೀರೆಯ ಒಡಲಿನ ಎಳೆಗೂ ಸೆರಗಿನ ಕೆಂಪು ರೇಷ್ಮೆಯ ಎಳೆಗೂ ಒಂದೊಂದಾಗಿ ಕುಣಿಕೆ ಹಾಕಿ ಕೂಡಿಸಬೇಕು. ಆಗ ಮಾತ್ರ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತ ಗಂಡ ಶಿವಪುತ್ರ ಒಡಲು ಮುಗಿಸಿ ಸೆರಗಿಗೆ ದಾಟಬಹುದು. ಒಂದು ಎಳೆ ಬಿಟ್ಟರೂ ಅಲ್ಲಿ ಸಂದು ಬಿಡುತ್ತದೆ. ಮಹಾನಂದಾ ಕೂಡಿಸಿದಲ್ಲಿ ಸಂದು ಕಂಡವರಿಲ್ಲ.

ಕೊಂಡಿ ಹಾಕುತ್ತ ಕಥೆ ಹೇಳುವುದು ಆಕೆಗೆ ಅಜ್ಜಿಯಿಂದ ಬಂದ ರೂಢಿ. ಮಧ್ಯಾಹ್ನದ ಹೊತ್ತು ಓಣಿಯ ಹೆಣ್ಣುಮಕ್ಕಳು ತಮ್ಮ ತಮ್ಮ ಕೆಲಸ ಹಿಡಿದುಕೊಂಡು ಆಕೆಯ ಪಡಸಾಲೆಗೆ ಬಂದು ಕೂಡುತ್ತಿದ್ದರು. ಆಕೆಯ ಕಥೆಯಲ್ಲಿ ಒಂದು ಗಳಿಗೆ ಬಂದು ಹೋಗುವ ಅಗಸಗಿತ್ತಿಗೂ ಒಂದು ಊರು, ಒಬ್ಬ ಅತ್ತೆ, ಒಂದು ಹಲ್ಲುನೋವು ಇರುತ್ತಿತ್ತು. ಯಾರಾದರೂ ಹೊತ್ತಾಯಿತೆಂದು ನಡುವೆ ಎದ್ದರೆ, “ಕುಂಡ್ರವಾ, ಅವರನ್ನ ಮನಿ ಮುಟ್ಟಸ್ತೇನಿ. ನಡುವ ಬಿಟ್ರ ಅಲ್ಲೇ ನಿಂತಿರತಾರ ಪಾಪ,” ಎನ್ನುತ್ತಿದ್ದಳು.

“ನಿನ್ನ ಕತ್ಯಾಗಿನ ಮಂದಿಗೆ ಬಸ್ ಛಾರ್ಜ್ ಕೊಟ್ಟ ಕಳಸವಾ, ನಾವು ರೊಟ್ಟಿ ಬಡೀಬೇಕು,” ಎಂದು ಎದುರು ಮನೆಯ ಗುರುಸಿದ್ದವ್ವ ನಗುವಳು. ಆದರೂ ಕಥೆ ಮುಗಿಯುವ ತನಕ ಏಳುತ್ತಿರಲಿಲ್ಲ.

ಮಹಾನಂದಾಗೆ ಮಕ್ಕಳಿಲ್ಲ. ಬಹಳ ಹಿಂದೆ ಒಮ್ಮೆ ಬಸಿರು ನಿಂತಿತ್ತು. ಏಳನೆಯ ತಿಂಗಳಲ್ಲಿ ಬಸುರಿಗೆ ಹಸಿರು ಸೀರೆ ಉಡಿಸಿ, ತವರಿನವರು ತಂದ ಖಣದ ಬಟ್ಟೆಯ ಕುಬಸ ತೊಡಿಸಿ, ಉಡಿ ತುಂಬುತ್ತಾರಲ್ಲ, ಆ ಕುಬಸದ ಕಾರ್ಯಕ್ಕೆ ದಿನ ಗೊತ್ತಾಗಿತ್ತು. ಶಿವಪುತ್ರ ಅದಕ್ಕೆಂದೇ ಒಂದು ಹಸಿರು ಸೀರೆ ನೇಯ್ದ. ಸೀರೆ ಮಗ್ಗದಿಂದ ಇಳಿಯಿತು. ಅದೇ ವಾರ ಹೊಟ್ಟೆಯೊಳಗಿನ ಕೂಸು ಅಲುಗಾಡುವುದನ್ನು ನಿಲ್ಲಿಸಿತು. ಸೀರೆ ಹೊಸ ಮಡಿಕೆಯ ಘಳಿಗೆ ಮುರಿಯದೆ ಟ್ರಂಕು ಸೇರಿತು. ಇಷ್ಟು ಕಥೆ ಹೇಳುವ ಹೆಂಗಸು ಆ ಒಂದನ್ನು ಮಾತ್ರ ಯಾರಿಗೂ ಹೇಳಲಿಲ್ಲ.

ಈಗ ಮೊಬೈಲಿನಲ್ಲಿ ಸೀರೆ ಮಾರುವ ಕಾಲ ಬಂತು. ಶಿವಪುತ್ರನ ಅಣ್ಣನ ಮಗ ರಾಜೇಶ ಒಂದು ಆ್ಯಪಿನಲ್ಲಿ ಅಂಗಡಿ ತೆರೆದ. ಓಣಿಯ ಮೂರು ನಾಲ್ಕು ಮಗ್ಗದ ಸೀರೆ ಅದರಲ್ಲಿ ಇಟ್ಟ. ನೋಡುವವರು ನೋಡಿದರು, ಕೊಳ್ಳಲಿಲ್ಲ. ಯಾರೂ ನಾಲ್ಕು ಮಾತು ಬರೆಯದ ಅಂಗಡಿಯಲ್ಲಿ ಯಾರು ಕೊಳ್ಳುತ್ತಾರೆ? ಸೀರೆ ಕೊಂಡು ರಿವ್ಯೂ ಬರೆದವರಿಗೆ ಗುಳೇದಗುಡ್ಡದ ಖಣ ಪುಕ್ಕಟೆ ಎಂದು ರಾಜೇಶ ಹಾಕಿದ. ಕೊಂಡ ಒಬ್ಬಿಬ್ಬರೂ ಬರೆಯಲಿಲ್ಲ. ಕಡೆಗೊಂದು ದಿನ ಅವನು ಪಡಸಾಲೆಗೆ ಬಂದು, “ಚಿಗವ್ವ, ಒಂದು ರಿವ್ಯೂ ಬಂತ ನೋಡು,” ಎಂದು ಓದಿದ.

“ಸೀರಿ ಛಲೋ ಐತಿ. ಬಣ್ಣ ಛಲೋ ಐತಿ.”

ಮಹಾನಂದಾ ಎಳೆಯಿಂದ ಕಣ್ಣೆತ್ತಲಿಲ್ಲ. “ಯಾವ ಹೆಣ್ಣಮಗಳು ಹಿಂಗ ಬರೀತಾಳೋ? ಇದನ್ನ ಬರದಾಕಿಗೆ ಮೀಸಿ ಇರಬೇಕು.”

ರಾಜೇಶ ಮೀಸೆ ಮುಟ್ಟಿಕೊಂಡು ನಕ್ಕ. ಗೆಳೆಯನ ನಂಬರಿನಿಂದ ತಾನೇ ಹಾಕಿದ್ದೆಂದು ಒಪ್ಪಿಕೊಂಡ. “ಹಂಗಾರ ನೀ ಹೇಳು, ನಾ ಬರಕೋತೇನಿ.”

ಕೈ ಕೊಂಡಿ ಹಾಕುತ್ತಲೇ ಇತ್ತು, ಬಾಯಿ ಹೇಳಿತು: “ಈ ಹಸರ ಸೀರಿ ನಾ ಕುಬಸಕ್ಕ ಉಟ್ಟೇನಿ. ಏಳನೇ ತಿಂಗಳ. ನಮ್ಮವ್ವ ಎದುರಿಗೆ ಕುಂತು ಉಡಿ ತುಂಬಾಕತ್ತಾಳ. ಸೆರಗ ಹೊಟ್ಟಿಗೆ ತಾಗಿ ಕೂಸು ಒಂದ ಸಲ ಒದೀತು. ಖಣಾ ಕಳಸ್ತೇನಿ ಅಂದಾರ, ದಾರಿ ಕಾಯಾಕತ್ತೇನಿ. ಪದ್ಮಶ್ರೀ, ಕೆರೂರ.”

“ಕೆರೂರ ಯಾಕ?”

“ಹೋದ ವರ್ಷ ಬಸ್ಸು ಅಲ್ಲಿ ನಿಂತಾಗ ಒಬ್ಬಾಕಿ ಬಸುರಿ ಬಾಳಿಹಣ್ಣ ತಗೊಳ್ಳಾಕತ್ತಿದ್ಲು. ಯಾಕೋ ನೆನಪಾತು.”

“ಚಿಗವ್ವ, ಇದನ್ನ ಓದಿದವರು ಸೀರಿ ಅಲ್ಲ, ಬಸರ ಆರ್ಡರ್ ಮಾಡ್ತಾರ,” ಎಂದ ರಾಜೇಶ. ಫೋಟೋಕ್ಕೆ ಹಸಿರು ಸೀರೆ ಬೇಕೆಂದು ಟ್ರಂಕು ತೆಗೆದ. ಮಹಾನಂದಾ ಬೇಡ ಎನ್ನಲಿಲ್ಲ. ಕುಣಿಯಲ್ಲಿ ಕೂತಿದ್ದ ಶಿವಪುತ್ರನ ಲಾಳಿ ಮಾತ್ರ ಒಂದು ಕ್ಷಣ ನಿಂತು ಮುಂದೆ ಹೋಯಿತು. ಫೋಟೋ ಆದ ಮೇಲೆ ಸೀರೆ ಇದ್ದ ಮಡಿಕೆಯಲ್ಲೇ ಮತ್ತೆ ಟ್ರಂಕಿಗೆ ಹೋಯಿತು.

ಇದು ದೀಪಾವಳಿಯ ಸುಮಾರಿನ ಮಾತು. ಸಂಕ್ರಾಂತಿಯ ಹೊತ್ತಿಗೆ ಅಂಗಡಿಗೆ ವ್ಯಾಪಾರ ಹತ್ತಿತ್ತು. “ಪದ್ಮಶ್ರೀ ಉಟ್ಟಂಥಾದ್ದು ಐತೇನ್ರಿ” ಎಂದು ಫೋನುಗಳು ಬರತೊಡಗಿದವು. ಖಣದ ಆಸೆಗೆ ನಿಜವಾದ ಗಿರಾಕಿಗಳೂ ಬರೆದರು. ನಿಂತಿದ್ದ ಮಗ್ಗಗಳಲ್ಲಿ ಹಸಿರು ನೂಲು ಏರಿತು.

ಬೇಸಿಗೆ ಬಂತು. ಒಂದು ನಡುಮಧ್ಯಾಹ್ನ ಓಣಿಯಲ್ಲಿ ನಾಯಿ ಕೂಡ ಇರಲಿಲ್ಲ. ಕೂಡಬೇಕಾದ ಹೆಣ್ಣುಮಕ್ಕಳು ಯಾವುದೋ ಮದುವೆಗೆ ಹುನಗುಂದಕ್ಕೆ ಹೋಗಿದ್ದರು. ಕುಣಿಯಲ್ಲಿದ್ದ ಶಿವಪುತ್ರನನ್ನು ಬಿಟ್ಟರೆ ಮಹಾನಂದಾ ಒಬ್ಬಳೇ ಎಳೆ ಹಿಡಿದು ಕೂತಿದ್ದಳು. ಬಾಗಿಲಲ್ಲಿ ನೆರಳು ಬಿದ್ದಂತಾಗಿ ನೋಡಿದರೆ, ಹಸಿರು ಸೀರೆಯ ತುಂಬು ಬಸುರಿ ಹೊಸ್ತಿಲಾಚೆ ನಿಂತಿದ್ದಾಳೆ.

“ಅಕ್ಕಾರ, ಖಣಾ ಕೊಡ್ತೇನಿ ಅಂದಿದ್ರಿ.”

“ಬಾರವಾ, ಒಳಗ ಬಾ. ಇಂಥಾ ಬಿಸಲಾಗ ಬರತಾರೇನ? ಫೋನ್ ಮಾಡಿದ್ರ ನಾವ ಕಳಸ್ತಿದ್ವಿ. ಯಾವೂರು?”

“ಕೆರೂರರೀ. ಪದ್ಮಶ್ರೀ.”

ಮಹಾನಂದಾ ನಕ್ಕಳು. ರಾಜೇಶ ಯಾರನ್ನೋ ಕಳಿಸಿ ಚೇಷ್ಟೆ ಮಾಡುತ್ತಿದ್ದಾನೆ ಎಂದುಕೊಂಡಳು. “ಹೌದೇನವಾ. ತಿಂಗಳೆಷ್ಟು?”

“ಏಳರೀ.”

“ಛಲೋ ಆತು. ಬಾಣಂತನಕ್ಕ ತವರಿಗೆ ಎಂದ ಹೋಗ್ತಿ?”

“ಏಳರಾಗ ಕುಂತೇನ್ರಿ ಅಕ್ಕಾರ. ದೀಪಾವಳಿಗೂ ಏಳ, ಸಂಕ್ರಾಂತಿಗೂ ಏಳ, ಈಗೂ ಏಳ.” ದೂರುವ ದನಿ ಅಲ್ಲ ಅದು. ದವಾಖಾನೆಯಲ್ಲಿ ಪಾಳಿ ಹಚ್ಚಿ ಕೂತವರು ಹೇಳುವ ಹಾಗೆ ಹೇಳಿದಳು. “ಕೂಸು ಒದೀತೈತ್ರಿ. ಅದ ಒಂದ ಒದಿ. ಮತ್ತ ಅದ.”

ಮಹಾನಂದಾಳ ಕೈಯಲ್ಲಿ ಎಳೆ ನಿಂತಿತು.

“ನಮ್ಮವ್ವ ಎದುರಿಗೆ ಕುಂತಾಳ. ಆಕಿ ಹೆಸರ ನೀವು ಹೇಳಲಿಲ್ಲ. ಕರೀಬೇಕಂದ್ರ ಏನಂತ ಕರೀಲ್ರಿ? ಮಾರಿ ನೋಡಾಕ ಹೋದ್ರ ಮಾರಿನೂ ಇಲ್ಲ. ಬರೇ ಉಡಿ ತುಂಬೂ ಕೈ ಕಾಣತಾವ.” ಅವಳು ಓಣಿಯ ಬೇವಿನ ಗಿಡದ ಕಡೆ ಕತ್ತು ಹೊರಳಿಸಿದಳು. “ನಂದರ ಪಾಡರೀ, ನಾಕ ಮಾತರ ಅದಾವ. ನನ್ನ ಸಂಗಾಟ ಬಂದ ಇಬ್ಬರು ಅಲ್ಲಿ ನೆಳ್ಳಾಗ ನಿಂತಾರ. ಅವರಿಗೆ ಸೀರಿ ಛಲೋ ಐತಿ, ಬಣ್ಣ ಛಲೋ ಐತಿ ಅನ್ನೂದು ಬಿಟ್ರ ಬ್ಯಾರೆ ಮಾತ ಬರಂಗಿಲ್ಲ.”

ಮಹಾನಂದಾ ಎದ್ದಳು. ಹೆದರಿ ಎದ್ದಳೋ, ಕೊಡುತ್ತೇನೆಂದ ಖಣ ತರಲು ಎದ್ದಳೋ ಆಕೆಗೇ ತಿಳಿಯಲಿಲ್ಲ. ಒಳಗಿನಿಂದ ಖಣ ತಂದು ನೋಡಿದರೆ ಹೊಸ್ತಿಲ ಮೇಲೆ ಬರೀ ಬಿಸಿಲು. ಬೇವಿನ ಕೆಳಗೂ ಯಾರೂ ಇಲ್ಲ.

“ಯಾರು ಬಂದಿದ್ರು?” ಕುಣಿಯಿಂದ ಶಿವಪುತ್ರ ಕೇಳಿದ. ಅವನು ಕೂತಲ್ಲಿಂದ ಮಗ್ಗಕ್ಕೆ ಬಿಗಿದ ಹಾಸಿನ ನೂಲಿನ ಕೆಳಗೆ ಬಗ್ಗಿ ನೋಡಿದರೆ ಹೊಸ್ತಿಲೊಂದೇ ಕಾಣುತ್ತದೆ. ಬಂದವರ ಕಾಲು ನೋಡಿಯೇ ಅವನು ಇಂಥವರು ಎಂದು ಹೇಳಬಲ್ಲ.

“ನಿಮಗೂ ಕಂಡ್ಲ?”

“ಕಾಲ ಕಂಡ್ವು. ಈ ಬ್ಯಾಸಗ್ಯಾಗ ನಮ್ಮ ಓಣಿ ಹಾದು ಬಂದ ಕಾಲಿಗೆ ಧೂಳಿ ಇರಲಿಲ್ಲ.” ಲಾಳಿ ಕೆಳಗಿಟ್ಟ. “ಸೀರಿ ದಡಿ ನಾ ನೇಯ್ದದ್ದು. ಟ್ರಂಕಿನಾಗಿಂದು.”

ಗಂಡ ಹೆಂಡತಿ ಕೂಡಿ ಟ್ರಂಕು ತೆಗೆದರು. ಸೀರೆ ಇದ್ದಲ್ಲೇ ಇತ್ತು. ಆದರೆ ಹೊಸ ಸೀರೆಯ ಘಳಿಗೆ ಇರಲಿಲ್ಲ. ಉಟ್ಟು ಬಿಚ್ಚಿದವರು ಮಡಿಚುವ ಹಾಗೆ ಮಡಿಚಿತ್ತು. ನಡುವಿಗೆ ಸಿಕ್ಕಿಸುವ ಜಾಗದಲ್ಲಿ ಅರಿಶಿನದ ಬೆರಳಿನ ಗುರುತು.

ಮರುದಿನ ರಾಜೇಶ ಮುಖ ಸಪ್ಪಗೆ ಮಾಡಿಕೊಂಡು ಬಂದ. ಆ್ಯಪಿನವರು ನೋಟೀಸು ಕಳಿಸಿದ್ದರು. ಕೊಳ್ಳದವರ ಹೆಸರಿನ ರಿವ್ಯೂ ಇದ್ದರೆ ಅಂಗಡಿ ಮುಚ್ಚಿಬಿಡುತ್ತಾರೆ. ಸಂಜೆಯೊಳಗೆ ತೆಗೆಯಬೇಕು.

“ಹಾಕಿದ್ದು ನಾನ, ತಗಿಯೂದೂ ನನ್ನ ಕೈಯಾಗ ಐತಿ. ಒಂದ ಬಟನ್ ಒತ್ತಿದ್ರ ಹೋದ್ವು.”

“ಪದ್ಮಶ್ರೀದು ತಗಿಬ್ಯಾಡ,” ಎಂದಳು ಮಹಾನಂದಾ.

“ಚಿಗವ್ವ, ಅಂಗಡಿ ಹೋದ್ರ ಓಣ್ಯಾಗಿನ ಮಗ್ಗ ನಿಲ್ಲತಾವ. ಕಾಕಾಂದೂ ನಿಲ್ಲತೈತಿ. ಪದ್ಮಶ್ರೀ ಅನ್ನಾಕಿ ಇಲ್ಲ, ನೀನ ಹುಟ್ಟಿಸಿದ್ದಿ.”

“ಹುಟ್ಟಿಸೀನಿ. ಅದಕ್ಕ ಬ್ಯಾಡ ಅನ್ನಾಕತ್ತೇನಿ. ಏಳ ತಿಂಗಳ ಬಸುರೀನ ಹಂಗ ಒರಸಿ ಹಾಕಂತೀಯೇನು?” ದನಿ ಏರಲಿಲ್ಲ. “ಒಮ್ಮೆ ಆಗೈತೆಪ್ಪಾ ಈ ಮನ್ಯಾಗ. ಮತ್ತೊಮ್ಮೆ ನನ್ನ ಕಡಿಂದ ಆಗೂದಿಲ್ಲ.”

ರಾಜೇಶ ಚಿಕ್ಕವ್ವನ ತಲೆಗೆ ಬಿಸಿಲು ಹತ್ತಿದೆಯೆಂದು ಕಾಕನ ಕಡೆ ನೋಡಿದ. ಶಿವಪುತ್ರ ತಲೆ ತಗ್ಗಿಸಿ ಲಾಳಿಯ ನೂಲು ಬದಲಿಸುತ್ತಿದ್ದ.

“ರಾಜೂ, ನೀ ನನಗ ಓದಿ ಹೇಳಿದ್ದು ಒಂದ. ಎರಡನೇದು ಯಾವಾಗ ಹಾಕಿದಿ?”

ಅವನ ಮುಖದ ಬಣ್ಣ ಇಳಿಯಿತು. “ಅದು ನಿನಗ ಯಾರು ಹೇಳಿದ್ರು?”

“ಇಬ್ಬರು ಬೇವಿನ ಗಿಡದ ಕೆಳಗ ನಿಂತಿದ್ರಂತ. ಸೀರಿ ಛಲೋ ಐತಿ, ಬಣ್ಣ ಛಲೋ ಐತಿ ಅಂತಾರಂತ. ಬ್ಯಾರೆ ಮಾತು ನೀ ಅವರಿಗೆ ಕೊಟ್ಟಿಲ್ಲ.”

ರಾಜೇಶ ಬಾಗಿಲಿನ ಕಡೆ ನೋಡಿದವನು ಹೊಸ್ತಿಲು ಬಿಟ್ಟು ಒಳಗೆ ಸರಿದು ಕೂತ.

“ಈಗ ಏನ ಮಾಡೂದು, ಚಿಗವ್ವ?”

“ತಗಿಯೂದ. ಆದ್ರ ಮೊದಲ ಮನಿ ಮುಟ್ಟಸ್ತೇನಿ. ಪದ್ಮಶ್ರೀ ಬರದದ್ದರ ಕೆಳಗ ಮುಂದಿಂದು ಬರಿ.”

ಮಹಾನಂದಾ ಅಂದು ಎಳೆ ಹಿಡಿಯಲಿಲ್ಲ. ಕೈ ಕಟ್ಟಿ ಕೂತು ಹೇಳಿದಳು. ಕೆರೂರಿನ ಪದ್ಮಶ್ರೀಗೆ ಖಣ ಬಂತು. ಸಂತೆಯ ದಿನ ಟೇಲರನಲ್ಲಿ ಹೊಲಿಸಿ ತೊಟ್ಟಳು, ತೋಳು ಬಿಗಿಯಾಯಿತೆಂದು ಬಿಚ್ಚಿಸಿ ಮತ್ತೆ ಹೊಲಿಸಿದಳು. ಎಂಟು ತುಂಬಿತು. ಕಾಲು ಊದಿದವು, ಹುಣಸೆಹಣ್ಣಿನ ಆಸೆಯಾಯಿತು. ಒಂಬತ್ತರಲ್ಲಿ ಒಂದು ನಸುಕಿನಲ್ಲಿ ಬೇನೆ ತಿಂದಳು. ತವರಿನವರು ಬಾಗಲಕೋಟೆಯ ದವಾಖಾನೆಗೆ ಕರೆದುಕೊಂಡು ಹೋದರು. ಹೆಣ್ಣು ಕೂಸು.

ಅಲ್ಲಿ ನಿಂತಳು. ರಾಜೇಶನ ಬೆರಳು ಮೊಬೈಲಿನ ಮೇಲೆ ಕಾದಿತ್ತು. ಶಿವಪುತ್ರ ಕುಣಿಯಿಂದ ತಲೆ ಎತ್ತಿದ.

“ಅತ್ತಿತು,” ಎಂದಳು ಮಹಾನಂದಾ. “ಹುಟ್ಟಿದ್ದ ತಡ, ಓಣಿ ಹಾರಿಹೋಗೂ ಹಂಗ ಅತ್ತಿತು ಅಂತ ಬರಿ.”

ಬರೆದ.

“ಅಜ್ಜಿ ಎತಗೊಂಡ್ಲು. ಅಜ್ಜಿಗೆ ಮಾರಿ ದುಂಡಗ, ಎಡಗಣ್ಣ ಕೆಳಗ ಒಂದ ಮಚ್ಚಿ.” ತನ್ನ ಎಡಗಣ್ಣಿನ ಕೆಳಗೆ ಬೆರಳಿಟ್ಟುಕೊಂಡಳು. “ಪದ್ಮಶ್ರೀ ಅವ್ವನ ಹೆಸರು ಮಹಾನಂದಾ.”

ಆಮೇಲೆ ರಾಜೇಶನ ಕಡೆ ತಿರುಗಿದಳು. “ನೀ ಕರದವರನ್ನ ನೀನ ಕಳಸು.”

“ನನಗ ಕತಿ ಬರಂಗಿಲ್ಲ.”

“ಬರಂಗಿಲ್ಲಂದ್ರ ಕರೀಬಾರದಿತ್ತು.”

ಅವನು ಬೆವರು ಒರೆಸಿಕೊಂಡ. ಒಬ್ಬಳು ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಕಾಲೇಜಿನ ಮೇಡಂ ಆದಳು, ಸ್ಕೂಟಿ ಇದೆ, ಸಿಟ್ಟು ಜಾಸ್ತಿ. ಇನ್ನೊಬ್ಬಳಿಗೆ ಬಾದಾಮಿಯಲ್ಲಿ ಚಹಾದ ಅಂಗಡಿ. ಅವಳ ಗಂಡ ಗೊರಕೆ ಹೊಡೆಯುತ್ತಾನೆ. “ಸಾಕೇನು?” ಎಂದ. “ಗೊರಕಿ ಐತೆಲ್ಲ, ಸಾಕು, ಬದುಕತಾಳ,” ಎಂದಳು ಮಹಾನಂದಾ.

ಸಂಜೆಗೆ ಮುಂಚೆ ಮೂರನ್ನೂ ತೆಗೆದ. ಅಂಗಡಿ ಉಳಿಯಿತು. ಖಣ ಈಗಲೂ ಕೊಡುತ್ತಾರೆ, ಆದರೆ ಕೊಂಡವರಿಗೆ ಮಾತ್ರ. ಒಳ್ಳೆಯದೋ ಕೆಟ್ಟದ್ದೋ ಬರೆಯಿರಿ, ಖಣ ಸಿಕ್ಕಿದ್ದನ್ನೂ ಬರೆಯಿರಿ ಎಂದು ಮಹಾನಂದಾ ಹಾಕಿಸಿದ್ದಾಳೆ.

ಮಾರನೆಯ ಮಧ್ಯಾಹ್ನ ಆಕೆ ಒಂದು ಮೊರದಲ್ಲಿ ಅಕ್ಕಿ, ಕೊಬ್ಬರಿ, ಉತ್ತತ್ತಿ, ಮೇಲೆ ಖಣ ಇಟ್ಟು ಹೊಸ್ತಿಲ ಮೇಲೆ ಇರಿಸಿದಳು. ತಾನು ಕೊಂಡಿ ಹಾಕುತ್ತ ಕೂತಳು. ಬಿಸಿಲು ನೆತ್ತಿಗೆ ಬಂತು. ಓಣಿ ಮೊನ್ನೆಯ ಹಾಗೆಯೇ ಖಾಲಿಯಾಯಿತು. ಆಗ ಬಾಗಿಲಲ್ಲಿ ಎಳೆಗೂಸೊಂದು ಅತ್ತಿತು. ಆ ಓಣಿಯಲ್ಲಿ ಎಳೆಗೂಸಿನ ಮನೆ ಇರಲಿಲ್ಲ.

ಮಹಾನಂದಾಳ ಬೆರಳ ನಡುವೆ ಆಗ ಒಂದು ಎಳೆ ಅರ್ಧ ಕೂಡಿತ್ತು. ಬಿಟ್ಟರೆ ಜಾರುತ್ತದೆ. ಆಕೆ ತಲೆ ಎತ್ತಲಿಲ್ಲ.

“ಯವ್ವಾ, ಹೋಗಿ ಬರ್ತೇನಿ,” ಎಂದಿತು ಬಾಗಿಲಲ್ಲಿ ದನಿ.

“ಹೂಂನವಾ. ಕೂಸಿನ ತಲಿ ಮ್ಯಾಲ ಸೆರಗ ಹಾಕು, ಬಿಸಲೈತಿ,” ಎಂದಳು ಮಹಾನಂದಾ. ಕುಣಿಕೆ ಬಿಗಿದಳು. ಆಮೇಲೆ ನೋಡಿದಳು. ಮೊರ ಬರಿದಾಗಿತ್ತು.

ಶಿವಪುತ್ರ ಹಾಸಿನ ಕೆಳಗೆ ಬಗ್ಗಿದವನು ಹಾಗೇ ಇದ್ದ.

“ಕಂಡ್ವೇನ್ರಿ ಕಾಲು?”

“ಕಂಡ್ವು.” ಶಿವಪುತ್ರ ಬಗ್ಗಿದಲ್ಲಿಂದಲೇ ಹೇಳಿದ. “ಹಿಮ್ಮಡ ಒಡದಿದ್ವು. ಕಾಲ ತುಂಬ ಧೂಳಿ.”

ಹೊಸ್ತಿಲ ಮೇಲೆ ಕೆಂಪು ಧೂಳಿನ ಎರಡು ಹೆಜ್ಜೆ ಮೂಡಿದ್ದವು. ಮಹಾನಂದಾ ಅಂದು ಪಡಸಾಲೆಯನ್ನೆಲ್ಲ ಗುಡಿಸಿದಳು, ಹೊಸ್ತಿಲನ್ನು ಮಾತ್ರ ಬಿಟ್ಟಳು.