ಡಾಕ್ಟರ ಕುದುರೆ, ದೇಸಾಯರ ಮೋಟಾರು

ಮನುಷ್ಯನ ಮುನ್ನಡೆಯೆಂದರೆ ಅವನು ದೂರವನ್ನು ಗೆದ್ದ ಕಥೆ ಎಂದು ಬಲ್ಲವರು ಹೇಳುತ್ತಾರೆ. ಬಲ್ಲವರಾರೂ ಹುನಗುಂದದಿಂದ ಗುಡೂರಿಗೆ ಹೋದಂತೆ ಕಾಣುವುದಿಲ್ಲ.

ನಮ್ಮ ಡಾಕ್ಟರ ಬಲಗೈ ತೋರುಬೆರಳಿನ ಒಳಮಗ್ಗುಲು ಲಗಾಮು ಉಜ್ಜಿ ಉಜ್ಜಿ ಹುಣಸೆಬೀಜದಷ್ಟು ದಡ್ಡುಗಟ್ಟಿತ್ತು. ನಾಡಿ ಹಿಡಿದರೆ ರೋಗಿಯ ಮಣಿಕಟ್ಟಿಗೆ ಮೊದಲು ತಾಗುತ್ತಿದ್ದದ್ದು ಅದೇ. ಗುಡೂರಿಗೆ ಕೊಟ್ಟಿದ್ದ ನನ್ನ ತಂಗಿ ಚೊಚ್ಚಲ ಹೆರಿಗೆಯಲ್ಲಿ ಎರಡು ದಿನ ಒದ್ದಾಡಿ ಕಣ್ಣು ಮುಚ್ಚಿ ಬಿದ್ದಿದ್ದಳಂತೆ. "ಕೈಗೆ ಏನೋ ಒರಟು ಹತ್ತಿತು ನೋಡಣ್ಣಾ, ಡಾಕ್ಟರು ಬಂದ್ರು, ಇನ್ನ ಸಾಯಂಗಿಲ್ಲ ಅನಿಸ್ತು" ಎಂದು ಆಮೇಲೆ ಹೇಳಿದಳು. ಸಾಯಲಿಲ್ಲ. ಡಾಕ್ಟರು ತಮ್ಮ ಕಂದು ಕುದುರೆಯ ಮೇಲೆ ಹುನಗುಂದದಿಂದ ಒಂದೇ ಓಟಕ್ಕೆ ಹೋಗಿದ್ದರು.

ಅವರ ಮೈಯಿಂದ ಕುದುರೆಯ ವಾಸನೆಯೂ ಕಾರ್ಬಾಲಿಕ್ಕಿನ ವಾಸನೆಯೂ ಕೂಡಿಯೇ ಬರುತ್ತಿದ್ದವು. ಇವೆರಡರಲ್ಲಿ ಔಷಧ ಯಾವುದೆಂದು ರೋಗಿಗಳಿಗೆ ಕೊನೆಯವರೆಗೂ ತಿಳಿಯಲಿಲ್ಲ. ಮಾತು ಕಡಿಮೆ. ಬಂದವರಿಗೆಲ್ಲ ಮೊದಲ ಆಜ್ಞೆ ಒಂದೇ: "ನಾಲಿಗಿ ತೆಗಿ. ಮಾತಾಡ್ಲಿಕ್ಕಲ್ಲ, ನೋಡ್ಲಿಕ್ಕೆ." ಹೆಂಡತಿಯ ಹೊಟ್ಟೆನೋವನ್ನು ಗಂಡ ವರ್ಣಿಸತೊಡಗಿದರೆ, "ಹಡಿಯಾವ್ರು ಯಾರು, ನೀನೋ ಆಕಿಯೋ?" ಎನ್ನುತ್ತಿದ್ದರು.

ನಾನು ಹುನಗುಂದದ ಕೋರ್ಟಿನಲ್ಲಿ ಕಾರಕೂನ. ಊರವರ ಜಗಳವನ್ನು ಮೂರು ಪ್ರತಿ ನಕಲು ಮಾಡುವ ಘನಕಾರ್ಯ ನನ್ನದು. ಕಂಡವರ ಕಾಗದ ಓದಿ ಓದಿ ನನಗೆ ಎಲ್ಲವೂ ಗೊತ್ತಿದೆ ಎಂಬ ಭ್ರಮೆ ಬಂದಿತ್ತು. ತಂಗಿ ಮತ್ತೆ ಬಸುರಿಯಾದಾಗ, ಈ ಸಲ ಡಾಕ್ಟರು ಇನ್ನೂ ಬೇಗ ಮುಟ್ಟಬೇಕೆಂದು ನಿಶ್ಚಯಿಸಿದವನು ನಾನು. ಬಾದಾಮಿ ಕಡೆಯ ದೇಸಾಯರೊಬ್ಬರು ತಮ್ಮ ಮೋಟಾರು ಮಾರುತ್ತಾರೆಂದು ಪತ್ತೆ ಹಚ್ಚಿದವನೂ ನಾನೇ.

ದೇಸಾಯರ ವಾಡೆಯ ಹೆಬ್ಬಾಗಿಲ ಬಂಕದಲ್ಲಿ, ಜಮಖಾನೆ ಹೊದ್ದು, ಮೋಟಾರು ಮದುಮಗಳಂತೆ ನಿಂತಿತ್ತು. ದೇಸಾಯರ ಕಾರಭಾರಿ ಹೊದಿಕೆ ಎತ್ತಿದ.

"ಒಂಬತ್ತು ವರ್ಷ ಆತ್ರಿ ತಂದು. ವರ್ಷಕ್ಕ ಒಮ್ಮಿ, ದಸರಾದಾಗ ಖಂಡೇಪೂಜಿ ದಿನ, ಹೊರಗ ಬರತೈತಿ. ಅದೂ ಎತ್ತು ಹೂಡಿ."

"ಎತ್ತು ಯಾಕ?" ಎಂದರು ಡಾಕ್ಟರು.

"ಎಂಜಿನ್ ಸವೀಬಾರದಲ್ರಿ!"

ಆತ ಮೋಟಾರಿನ ಮೂತಿಯಲ್ಲಿ ನೀರು ತುಂಬುವ ಮುಚ್ಚಳವನ್ನು ತಿರುಗಿಸಿ ತೆಗೆದು, ಗರ್ಭಗುಡಿ ತೋರಿಸುವವನಂತೆ ಬದಿಗೆ ಸರಿದ. "ಪಂಚಾಮೃತ ಮೊದಲ ಇಲ್ಲಿಗೇರಿ. ಹಾಲು, ಮೊಸರು, ತುಪ್ಪ, ಜೇನತುಪ್ಪ, ಸಕ್ಕರಿ. ಆಮ್ಯಾಲೆ ಬಾಳಿಹಣ್ಣು ಕಿವುಚಿ ಹಾಕೋದು. ಬಾಯಿ ಇದ್ದ ಮ್ಯಾಲೆ ನೈವೇದ್ಯ ಬ್ಯಾಡೇನ್ರಿ? ಒಂದು ವರ್ಷನೂ ತಪ್ಪಿಸಿಲ್ಲ."

ನಾನು ಬಿದ್ದು ಬಿದ್ದು ನಕ್ಕೆ. "ನೋಡ್ರಿ ಡಾಕ್ಟ್ರ, ಹೊಟ್ಟಿ ಮಗಳ್ನೂ ಹಿಂಗ ಸಾಕಂಗಿಲ್ಲ. ಓಡೇ ಇಲ್ಲಂದ ಮ್ಯಾಲೆ ಹೊಸಾದೇ ಅಲ್ಲೇನು?"

ಡಾಕ್ಟರು ನಗಲಿಲ್ಲ. ಎದೆಗೂಡು ಬಡಿದು ನೋಡುವಂತೆ ಬೆರಳಿನಿಂದ ಮೋಟಾರಿನ ಮೂತಿಯನ್ನು ಎರಡು ಸಲ ಬಡಿದು, "ಕುದುರಿ ಒಂಬತ್ತು ವರ್ಷ ಕಟ್ಟಿಹಾಕಿದ್ರ ಅದು ಕುದುರಿ ಆಗಿ ಉಳಿಯಂಗಿಲ್ಲ" ಎಂದರು.

"ಇದು ಕಬ್ಬಿಣ ಅದರಿ" ಎಂದೆ ನಾನು. ಸೃಷ್ಟಿರಹಸ್ಯವನ್ನು ಬಿಡಿಸಿದವನ ಗತ್ತು ನನ್ನದು.

ಅವರಿಗೂ ಮಂಡಿನೋವು ಹತ್ತಿತ್ತು, ಒಪ್ಪಿದರು. ಮೋಟಾರಿಗಾಗಿ ಕಂದು ಕುದುರೆಯನ್ನು ಬಾಗಲಕೋಟೆಯ ಟಾಂಗಾದವನಿಗೆ ಮಾರಿದರು. ಹೋಗುವಾಗ ಅದು ತಿರುಗಿ ನೋಡಲಿಲ್ಲ. ನಮ್ಮಿಬ್ಬರ ಬಗ್ಗೆ ಅದರ ಅಭಿಪ್ರಾಯ ಅಷ್ಟರೊಳಗೆ ಸ್ಥಿರವಾಗಿತ್ತೆಂದು ತೋರುತ್ತದೆ.

ಒಂದು ತಿಂಗಳು ಡಾಕ್ಟರ ಕೈಯಲ್ಲಿ ಮೋಟಾರು ಊರೊಳಗೆ ಮೆರೆಯಿತು. ಪೇಟೆಯಿಂದ ಕೋರ್ಟಿಗೆ, ಕೋರ್ಟಿನಿಂದ ಪೇಟೆಗೆ. ನೀರು ಬಹಳ ಕುಡಿಯುತ್ತಿತ್ತು; ದೊಡ್ಡವರ ಮನೆಯ ಅಭ್ಯಾಸವೆಂದು ನಾನು ಸಮಾಧಾನ ಹೇಳಿದೆ.

ಹೋಳಿ ಹುಣ್ಣಿಮೆ ಕಳೆದು ಬಿಸಿಲು ಬಲಿತ ಮೇಲೆ, ಒಂದು ಮುಂಜಾನೆ, ಗುಡೂರಿನಿಂದ ತಂಗಿಯ ಮನೆಯ ಆಳು ಕುದುರೆ ಏರಿ ಬಂದ. ಬ್ಯಾನಿ ಶುರುವಾಗಿದೆ, ಮಗು ಅಡ್ಡ ನಿಂತಿದೆ.

ಡಾಕ್ಟರು ಚೀಲ ಎತ್ತಿಕೊಂಡು ಅವನ ಕುದುರೆಯನ್ನು ನೋಡಿದರು. "ದಣದದ. ಒಂದು ಗಳಿಗಿ ಹುಲ್ಲು ತಿನ್ಲಿ, ಇದರ ಮ್ಯಾಲೇ ಹೋಗ್ತೇನಿ."

"ಮತ್ತ ಮೋಟಾರು ಯಾತಕ್ಕ ತಗೊಂಡ್ರಿ?" ಎಂದೆ. "ನಡೀರಿ, ಅವ ಹಿಂದಿಂದ ಬರ್ತಾನ."

ಅವ ಹಿಂದಿನಿಂದಲೇ ಬಂದ. ಅಮೀನಗಡ ಬರುವುದರೊಳಗೆ ಮೋಟಾರು ಎರಡು ಸಲ ಕುದ್ದು ನಿಂತಿತ್ತು. ಎರಡು ಸಲವೂ ಆರಲು ಬಿಟ್ಟು, ಬಾವಿ ಹುಡುಕಿ ನೀರು ಹೊತ್ತು ತಂದೆ. ಅಮೀನಗಡ ದಾಟಿದ ಮೇಲೆ ಏರಿನಲ್ಲಿ ಮೂತಿಯಿಂದ ಹೊಗೆಯೆದ್ದು, ಎಂಜಿನ್ ಒಳಗೇನೋ ಕಚ್ಚಿಕೊಂಡು, ಚಾಲೂ ಮಾಡುವ ಹ್ಯಾಂಡಲ್ ಸಹ ತಿರುಗದಾಯಿತು. ಸುಟ್ಟ ಸಕ್ಕರೆಯ ವಾಸನೆ ಬಂತು. ರಸ್ತೆಯ ಮೇಲೆ ಯಾರೋ ಪಾಯಸ ಸೀಯಿಸಿದಂತೆ.

ಆಳು ಕುದುರೆ ನಿಲ್ಲಿಸಿ ನಮ್ಮನ್ನು ನೋಡಿದ. ಇಳಿದು ಲಗಾಮನ್ನು ಡಾಕ್ಟರ ಕೈಗಿಟ್ಟ. ಮಂಡಿನೋವಿನ ಮನುಷ್ಯ ಹೇಗೆ ಏರಿದರೋ, ನಾನು ನೋಡುವುದರೊಳಗೆ ತಿರುವು ದಾಟಿದ್ದರು.

ನಾನು ನಡೆದು ಗುಡೂರು ಮುಟ್ಟಿದಾಗ ಅವರು ಕಟ್ಟೆಯ ಮೇಲೆ ಕುಳಿತು ಕೈ ತೊಳೆದುಕೊಳ್ಳುತ್ತಿದ್ದರು. ಕೈ ಆಗಲೇ ಸ್ವಚ್ಛವಾಗಿತ್ತು. ಆದರೂ ತೊಳೆಯುತ್ತಿದ್ದರು. ಒಳಗೆ ಹೆಂಗಸರ ಅಳು.

"ಡಾಕ್ಟ್ರ, ನಾನು ಆ ಮೋಟಾರು…"

"ನಾಲಿಗಿ ತೆಗೀಬ್ಯಾಡ" ಎಂದರು. ಮತ್ತೊಮ್ಮೆ ಕೈಗೆ ನೀರು ಸುರಿದುಕೊಂಡು, "ನಾ ಬಂದಾಗ ಆಕಿ ಕೈ ಇನ್ನೂ ಬೆಚ್ಚಗಿತ್ತು" ಎಂದರು.

ಮಗುವೂ ಉಳಿಯಲಿಲ್ಲ.

ಹದಿನೈದು ದಿನದ ಮೇಲೆ, ಎತ್ತು ಹೂಡಿ ತಂದ ಮೋಟಾರಿನ ನೀರಿನ ಪೆಟ್ಟಿಗೆಯನ್ನು ಇಳಕಲ್ಲಿನ ಕಂಚಗಾರನೊಬ್ಬ ಬಿಚ್ಚಿದ. ಕೊಳವೆಗಳಲ್ಲೆಲ್ಲ ಒಂಬತ್ತು ಹಬ್ಬಗಳ ತುಪ್ಪ, ಸಕ್ಕರೆ, ಬಾಳೆಹಣ್ಣು ಕರಕಾಗಿ ಅರಗಿನಂತೆ ಗಟ್ಟಿಕಟ್ಟಿ, ನೀರು ಹರಿಯಲು ದಾರಿಯೇ ಇರಲಿಲ್ಲ. ಕಂಚಗಾರ ಒಂದು ಚೂರು ಮೂಸಿ ನೋಡಿ, "ಯಾವ ಮಬ್ಬನ್ರಿ ಇದರಾಗ ಪ್ರಸಾದ ಸುರದಾಂವ? ಚಾವಡಿಗೆ ಎಳದು ಒಯ್ಯಬೇಕು ಅವನ್ನ" ಎಂದ.

ನಾನು ಹೌದೆಂದೆ. ಬೈಯಲು ಒಬ್ಬ ಸಿಕ್ಕನಲ್ಲ ಎಂದು ನಿಜವಾಗಿಯೂ ಸಂತೋಷವಾಗಿತ್ತು.

ಡಾಕ್ಟರು ಅಡ್ಡ ಬಂದರು. "ಅವಂದೇನು ತಪ್ಪು? ಮುಚ್ಚಳ ತೆಗದು, ಏನೇನು ಹಾಕ್ಯಾನಂತ ಸಾಲಾಗಿ ಹೇಳಿದ. ಕೇಳಿ ನಕ್ಕಾವ್ರು ನಾವಿಬ್ರು."

ನಾವಿಬ್ಬರು ಎಂದರು. ನಕ್ಕವನು ನಾನೊಬ್ಬನೇ. ಅದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅಷ್ಟು ಭಾರದಲ್ಲಿ ಅರ್ಧವನ್ನು ಕೇಳದೆಯೇ ತಮ್ಮ ಹೆಗಲಿಗೆ ಎಳೆದುಕೊಂಡು, ಮತ್ತೆಂದೂ ಆ ಮಾತೆತ್ತಲಿಲ್ಲ. ಬೈದಿದ್ದರೆ ನಾನು ಹಗುರಾಗುತ್ತಿದ್ದೆನೇನೋ. ಆ ಔಷಧವನ್ನು ಅವರು ನನಗೆ ಬರೆದುಕೊಡಲಿಲ್ಲ.

ಮೋಟಾರಿಗೆ ಕೈ ಖಾಲಿ ಮಾಡಿಕೊಂಡಿದ್ದ ಅವರಿಂದ ಬೇರೆ ಕುದುರೆ ಕೊಳ್ಳುವುದು ಆಗಲಿಲ್ಲ. ದೂರದ ಕರೆಗಳಿಗೆ ಬಂಡಿಯಲ್ಲಿ ಹೋದರು. ಕೆಲವಕ್ಕೆ ತಡವಾಗಿ ಮುಟ್ಟಿದರು. ಆರು ವರ್ಷಗಳ ನಂತರ ಡಾಕ್ಟರೇ ಜ್ವರದಲ್ಲಿ ಮಲಗಿದ್ದಾಗ ನಾನು ಅವರ ಕೈ ಹಿಡಿದುಕೊಂಡು ಕುಳಿತಿದ್ದೆ. ಬೆರಳಿನ ದಡ್ಡು ಕರಗಿ ನುಣ್ಣಗಾಗಿತ್ತು. ಮರುದಿನ ತೀರಿಕೊಂಡರು.

ಕಂದು ಕುದುರೆ ಆಗ ಬಾಗಲಕೋಟೆ ಸ್ಟೇಷನ್ನಿನ ಮುಂದೆ ಇನ್ನೂ ಟಾಂಗಾ ಎಳೆಯುತ್ತಿತ್ತು.