ಹಳ್ಳದ ಪಕ್ಕದ ಜಾಲಿ

ಬಡಗಿ ಆಚಾರ್ರ ಕೆಳತುಟಿಗೆ ಸದಾ ಮರದ ಪುಡಿ ಅಂಟಿಕೊಂಡಿರುತ್ತಿತ್ತು. ಕಡಿಯುವ ಮೊದಲು ಮರಕ್ಕೆ ಬೈರಿಗೆಯಿಂದ ಸಣ್ಣ ತೂತು ಕೊರೆದು, ಬಂದ ಹೊಟ್ಟನ್ನು ನಾಲಿಗೆಯ ಮೇಲಿಟ್ಟು ನೋಡುವುದು ಅವರ ಪದ್ಧತಿ. ಬೆಳ್ಳಗೆ ಸಪ್ಪೆಯಾಗಿದ್ದರೆ ಮರ ಇನ್ನೂ ಎಳೆಯದು. ಕೆಂಪಗೆ ಒಗರಾಗಿದ್ದರೆ ಒಳಗೆ ಚೇಗು, ಅಂದರೆ ಬಲಿತ ಗಟ್ಟಿ ತಿರುಳು, ಕಟ್ಟಿದೆ.

ಆಗ ನಾನು ಓದು ಮುಗಿಸಿ ನಮ್ಮೂರು ಗೋವಿನಕೋವಿಯ ಮನೆಯಲ್ಲಿದ್ದೆ. ನಮ್ಮ ಹೊಲದ ಹದಿನೇಳು ಜಾಲಿಮರಗಳ ಸುತ್ತಳತೆಯನ್ನು ಪ್ರತಿ ಯುಗಾದಿಗೆ ದಾರದಿಂದ ಅಳೆದು ದಿನಚರಿಯಲ್ಲಿ ಬರೆಯುತ್ತಿದ್ದೆ.

"ಏನವ್ವಾ, ಮರಕ್ಕೆ ರವಿಕೆ ಹೊಲಿಸ್ತೀಯೇನು?" ಎಂದು ಆಚಾರ್ರು ನಗುತ್ತಿದ್ದರು. "ಎಳೇ ಮರದಾಗೆ ಒಳಗೆಲ್ಲ ನೀರು ಹರೀತೈತೆ. ಹೊರಗೆ ಹೊಸ ಪದರ ಬಂದಂಗೆ ನಡುವಿನ ದಾರಿ ಮುಚ್ಕಂತೈತೆ. ಆಮೇಲೆ ಬಣ್ಣ ತಿರುಗಿ ಚೇಗಾಗತೈತೆ. ಅದು ನಿನ್ನ ದಾರಕ್ಕೆ ಸಿಗಾಕಿಲ್ಲ."

ಯುದ್ಧದ ವರ್ಷಗಳು. ಕಬ್ಬಿಣದ ಅಚ್ಚು ಸಿಗದೆ ಅಪ್ಪ ಗಾಡಿಗೆ ಮರದ ಅಚ್ಚು ಮಾಡಿಸಲು ಹೊರಟರು. ಆಚಾರ್ರು ಸೂಳೆಕೆರೆ ಕಡೆ ಕೆಲಸಕ್ಕೆ ಹೋಗಿದ್ದರು. ನಾನು ಕಾಯದೆ ದಿನಚರಿ ತೆರೆದು, ಎಲ್ಲಕ್ಕಿಂತ ದಪ್ಪದ್ದನ್ನು, ಹಳ್ಳದ ಪಕ್ಕದ ಮರವನ್ನು ತೋರಿಸಿದೆ. ಅಪ್ಪ ಹೆಮ್ಮೆಯಿಂದ ಕಡಿಸಿದರು.

ಆಚಾರ್ರು ಬಂದು ಕೊರಡಿನ ತುದಿ ನೋಡಿದರು. ನಡುವಿನ ಕೆಂಪು ಹೆಬ್ಬೆರಳಿನಷ್ಟೇ ಇತ್ತು.

"ನೀರು ಕುಡಿದು ಊದೈತೆ ತಾಯಿ, ಬಲಿತಿಲ್ಲ. ದಿಣ್ಣೆ ಮ್ಯಾಲಿನ ಸಣ್ಣದನ್ನ ಕಡಿಸಬೇಕಿತ್ತು."

ಅಪ್ಪನಿಗೆ ಹೇಳಬೇಡಿ ಎಂದು ಬೇಡಿಕೊಂಡೆ. ಅವರು ಕೊರಡನ್ನು ಉರುಳಿಸಿ ಅಳತೆ ಹಿಡಿದರು.

"ಸದ್ಯ ಇದರಾಗೇ ಅಚ್ಚು ಮಾಡ್ತೀನಿ. ಸುಗ್ಗಿಗೆ ಮುಂಚೆ ಬ್ಯಾರೆ ಮಾಡಿ ಹಾಕ್ತೀನಿ. ಅಲ್ಲೀಗಂಟ ಭಾರ ಹೇರಬ್ಯಾಡ್ರಿ ಅಂತ ಗೌಡ್ರಿಗೆ ನೀನೇ ಹೇಳು."

ಹೇಳುತ್ತೇನೆಂದೆ. ಹೇಳಲಿಲ್ಲ. ಹೇಳಿದರೆ ಏಕೆ ಎಂದು ಅಪ್ಪ ಕೇಳುತ್ತಿದ್ದರು.

ಬಾವಿಗೆಂದು ಕಲ್ಲು ಹೇರಿದ್ದ ಗಾಡಿಯ ಅಚ್ಚು ಹೊನ್ನಾಳಿ ದಾರಿಯಲ್ಲಿ ಮುರಿಯಿತು. ಒಂದು ಎತ್ತಿನ ಕಾಲು ಹೋಯಿತು. ಅಪ್ಪ ಆಚಾರ್ರನ್ನು ಕರೆಸಿ, ನಮ್ಮ ಜಗಲಿಯ ಮುಂದೆ ಊರವರೆದುರು ಕೂಗಾಡಿದರು: "ಎಳೇ ಮರ ಗೊತ್ತಾಗದ ನೀನೆಂಥಾ ಬಡಗಿಯೋ?"

"ನಂದೇ ತಪ್ಪು ಗೌಡ್ರೆ" ಎಂದರು ಆಚಾರ್ರು. ಬಾಗಿಲಲ್ಲಿ ನಿಂತಿದ್ದ ನನ್ನತ್ತ ಅವರು ತಿರುಗಲೂ ಇಲ್ಲ. ನಾನು ಬಾಯಿ ಬಿಡಲಿಲ್ಲ. ಆ ದಿನದ ಪುಟದಲ್ಲಿ ಬಿಸಿಲು ಜಾಸ್ತಿ ಎಂದಷ್ಟೇ ಬರೆದೆ.

ಆಮೇಲೆ ಊರಲ್ಲಿ ಯಾರೂ ಅವರನ್ನು ಗಾಡಿ ಕೆಲಸಕ್ಕೆ ಕರೆಯಲಿಲ್ಲ. ಜಗಳೂರಿನ ಮಗಳ ಮನೆಗೆ ಹೋದವರು ಎರಡನೆಯ ವರ್ಷ ಅಲ್ಲೇ ತೀರಿಕೊಂಡರು. ಸುದ್ದಿ ಬಂದ ಮಧ್ಯಾಹ್ನ ಅಪ್ಪನಿಗೆ ಎಲ್ಲ ಹೇಳಿದೆ. ಅವರು ಉಣ್ಣುತ್ತಿದ್ದ ತಟ್ಟೆ ಸರಿಸಿದರು.

"ಊರ ಮುಂದೆ ಅಂದುಬಿಟ್ಟಿದ್ದೆ ಕಣವ್ವಾ. ಈಗ ಯಾರ ಮುಂದೆ ಹೋಗಿ ತಪ್ಪಾತು ಅನ್ಲಿ?"